ಸತ್ತ ದೊರೆಯ ಮೇಲಿನ ಆಣೆ

ರೋಮ್, ಜನವರಿ ೧೮

ತಮ್ಮ ಕಾರ್ಪನಿಗೆ ಅಕ್ಕ ಅಮ್ಮಿಯಳ ಆಶೀರ್ವಾದ.

ಈ ಓಲೆ ಕೈಸೇರಿದ ಕೂಡಲೇ ಉಳಿ ಸುತ್ತಿಗೆ ಕೆಳಗಿಟ್ಟು ನಿಮ್ಮೂರಿನ ಸಭೆಗೆ ಓಡು. ಚಕ್ರವರ್ತಿ ಗಾಲ್ಬಾ ಸತ್ತ ಅಂತ ಹೇಳು. ಸತ್ತು ಮೂರು ದಿನ ಆಯಿತು. ನಡುಚೌಕದಲ್ಲಿ, ಪಲ್ಲಕ್ಕಿಯಿಂದ ಉರುಳಿಸಿ, ಕಾಯಬೇಕಾದ ಸಿಪಾಯಿಗಳೇ ಕಡಿದುಹಾಕಿದರು. ಈಗ ಒಥೋ ಅನ್ನೋನು ಚಕ್ರವರ್ತಿ. ನಮ್ಮ ಅಂಗಡಿ ಬಾಗಿಲು ಮೂರು ದಿನದಿಂದ ಹಾಕಿಯೇ ಇದೆ. ಬೇಯಿಸಿದ್ದ ಕಡಲೆ ಹಳಸಿಹೋಯಿತು, ನಿಮ್ಮ ಭಾವ ಅದನ್ನೇ ತಿಂತಾ ಕೂತಿದ್ದಾರೆ. "ದೊರೆ ಸತ್ತ ಅಂತ ಕಡಲೆ ಬಿಸಾಡೋಕಾಗುತ್ತೇನೇ?" ಅಂತಾರೆ. ಆ ಮನುಷ್ಯನಿಗೆ ಯಾವುದಕ್ಕೂ ಗಾಬರಿ ಅನ್ನೋದೇ ಇಲ್ಲ.

ನನಗಿರೋದು ನಿನ್ನ ಚಿಂತೆ. ಗಾಲ್ಬಾನ ಪ್ರತಿಮೆ ನಿಲ್ಲಿಸೋ ದಿನವೇ ನಿನ್ನನ್ನು ಊರಿನ ಗುಲಾಮಗಿರಿಯಿಂದ ಬಿಡುಗಡೆ ಮಾಡ್ತಾರೆ, ದೊರೆಯ ಹೆಸರಲ್ಲಿ ಆಣೆಯಿಟ್ಟು ಸಭೆ ಸಾರುತ್ತೆ ಅಂತ ಬರೆದಿದ್ದೆಯಲ್ಲ. ಗಾಲ್ಬಾನ ಮೇಲೆ ಆಣೆ ಹಾಕಿಸಬೇಡ ಕಣೋ. ಸತ್ತವನ ಮೇಲಿನ ಆಣೆಯನ್ನು ನಾಳೆ ಯಾರು ಬೇಕಾದರೂ ತಳ್ಳಿಹಾಕಬಹುದು. ಒಂದು ತಿಂಗಳು ತಡೀರಿ ಅಂತ ನೀನೇ ಕಾಲಿಗೆ ಬಿದ್ದು ಕೇಳಿಕೋ.

ಯಜಮಾನ ಸತ್ತಾಗ ಅವನ ಮೂವರು ಗಂಡುಮಕ್ಕಳು ನಮ್ಮನ್ನು ಕುರಿ ಹಂಚಿದ ಹಾಗೆ ಹಂಚಿಕೊಂಡು ಮೂವತ್ತು ವರ್ಷ ಆಯಿತು. ಅಪ್ಪ ಒಬ್ಬನ ಪಾಲಿಗೆ, ಹನ್ನೊಂದರ ನಾನು ಒಬ್ಬನ ಪಾಲಿಗೆ, ನಾಲ್ಕು ವರ್ಷದ ನೀನು ಇನ್ನೊಬ್ಬನ ಪಾಲಿಗೆ. ಅವನು ನಿನ್ನನ್ನು ನಿಮ್ಮೂರಿಗೆ ಮಾರಿದ. ನನಗೆ ಬಿಡುಗಡೆಯಾಗಿ ಹತ್ತು ವರ್ಷವಾದರೂ ಊಟಕ್ಕೆ ಕೂತಾಗ ನಿನ್ನ ಹೆಸರಲ್ಲಿ ಒಂದು ತುತ್ತು ಎತ್ತಿಡ್ತೇನೆ. ನೀನೂ ಬಿಡುಗಡೆಯಾದರೆ ಒಂದು ಸಲ ಮುಖ ನೋಡಿಯೇನು.

ಚಳಿಗಾಲಕ್ಕೆ ಸಮುದ್ರ ಮುಚ್ಚಿದೆ, ಹಡಗು ಓಡೋದಿಲ್ಲ. ಹಡಗಿನ ಸೋಸಿಯ ನೆಲದ ದಾರಿಯಲ್ಲಿ ಬರ್ತಾನಂತೆ, ಅವನ ಕೈಯಲ್ಲಿ ಕೊಟ್ಟಿದ್ದೇನೆ. ಬೇಗ ತಲುಪಲಿ.


ಕಾರಿಂಡ, ಫೆಬ್ರವರಿ ೮, ಗಾಲ್ಬಾ ಮಹಾಪ್ರಭುವಿನ ಎರಡನೇ ವರ್ಷ

ಅಕ್ಕಾ! ನಿನ್ನ ತಮ್ಮ ಮೂರು ದಿನದಿಂದ ಯಾರ ಗುಲಾಮನೂ ಅಲ್ಲ!

ಮೊದಲಿಂದ ಹೇಳ್ತೀನಿ ಇರು. ನಮ್ಮೂರಿನವರು ಹೊಸ ಕಲ್ಲು ತರಿಸೋ ಜನ ಅಲ್ಲ. ಹಳೇ ದೊರೆ ನೀರೋನ ಪ್ರತಿಮೆಯ ತಲೆಯನ್ನೇ ಕಿತ್ತು ನನ್ನ ಮುಂದಿಟ್ಟು, "ಇದನ್ನೇ ಗಾಲ್ಬಾ ಮಾಡೋ" ಅಂದರು. ಮೈ ಅದೇ, ಎದೆಕವಚ ಅದೇ. ತಲೆ ಮಾತ್ರ ಬೇರೆ ಕಲ್ಲು, ಕುತ್ತಿಗೆಯ ಗುಳಿಯಲ್ಲಿ ಕೂರುತ್ತೆ. ನೀರೋನದು ಉಬ್ಬಿದ ಕೆನ್ನೆ, ಗಾಲ್ಬಾನದು ಒಣಕಲು ಮುಖ. ಎರಡೂ ಕಡೆ ಎರಡೆರಡು ಬೆರಳು ಕಲ್ಲು ಇಳಿಸಿ, ಗುಂಗುರುಕೂದಲೆಲ್ಲ ಹೊಡೆದುಹಾಕಿ, ಗಿಡುಗನ ಮೂಗು ಎಬ್ಬಿಸಿದೆ. ಸಭೆಯ ಅಧ್ಯಕ್ಷರು ಜೋಯಿಲ ಇದ್ದಾರಲ್ಲ, ಹುಳಿ ದ್ರಾಕ್ಷಿ ತಿಂದ ಮುಖದವರು, ಅವರೇ "ಪರವಾಗಿಲ್ಲ" ಅಂದುಬಿಟ್ಟರು. ಆರ್ಟೆಮಿಸ್ ತಾಯಿ ಆಣೆಗೂ ನನ್ನ ಕಿವಿಯನ್ನೇ ನಾನು ನಂಬಲಿಲ್ಲ.

ಐದನೇ ತಾರೀಕು ಪ್ರತಿಮೆ ನಿಂತಿತು. ಗಾಲ್ಬಾನ ಆಯುಸ್ಸಿನ ಮೇಲೆ, ಅದೃಷ್ಟದ ಮೇಲೆ ಆಣೆಯಿಟ್ಟು ನನ್ನ ಬಿಡುಗಡೆ ಸಾರಿದರು. ಅದೇ ಆಣೆಯಲ್ಲಿ ಜೋಯಿಲರ ಅಳಿಯನನ್ನು ಬಂದರಿನ ಮೇಲ್ವಿಚಾರಕ ಮಾಡಿದರು. ಮೀನು ಯಾವುದು ಹಾವು ಯಾವುದು ಗೊತ್ತಿಲ್ಲದವನು! ಇರಲಿ, ಅವತ್ತು ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ.

ಮೀನಿನಂಗಡಿ ಮಹಡಿ ಮೇಲೆ ಒಂದು ಕೋಣೆ ಹಿಡಿದಿದ್ದೀನಿ. ವಾಸನೆ ಹೊಡೆಯುತ್ತೆ. ಆದರೆ ಅಕ್ಕ, ಬಾಗಿಲಿಗೆ ಒಳಗಡೆಯಿಂದ ಅಗುಳಿ ಇದೆ! ಮೊದಲನೇ ದಿನ ಹಾಕೋದು ತೆಗೆಯೋದು, ಹಾಕೋದು ತೆಗೆಯೋದು, ಅದೇ ಕೆಲಸ. ಸಮುದ್ರ ತೆರೆದ ಕೂಡಲೇ ರೋಮಿಗೆ ಬರ್ತೀನಿ. ಭಾವನಿಗೆ ಕಡಲೆ ನೆನೆಹಾಕಿಡೋಕೆ ಹೇಳು.


ಕಾರಿಂಡ, ಮಾರ್ಚ್ ೨೨

ಅಕ್ಕ,

ಸೋಸಿಯ ನಿನ್ನೆ ಬಂದ. ನಿನ್ನ ಜನವರಿಯ ಓಲೆ ಕೊಟ್ಟ. ಏನು ಹೇಳಲಿ? ಅದಕ್ಕೆ ಹತ್ತು ದಿನ ಮುಂಚೆಯೇ ಸರ್ಕಾರಿ ಅಂಚೆ ಬಂದು ಎಲ್ಲ ಮುಗಿದಿತ್ತು.

ಊರಿನ ಗುಮಾಸ್ತ ಎಪಿಗೋನ ನನ್ನನ್ನು ಕರೆಸಿದ. ಬೆರಳು ಮಡಿಸಿ ಎಣಿಸಿದ. "ಗಾಲ್ಬಾ ಸತ್ತಿದ್ದು ಜನವರಿ ಹದಿನೈದು. ನಾವು ಆಣೆ ಹಾಕಿದ್ದು ಫೆಬ್ರವರಿ ಐದು. ಇಪ್ಪತ್ತೊಂದು ದಿನದ ಹೆಣದ ಆಯುಸ್ಸಿನ ಮೇಲೆ ಆಣೆ ಹಾಕಿದ್ದೀವಿ ಕಣಯ್ಯ. ನಿಲ್ಲೋದಿಲ್ಲ."

"ನಿಲ್ಲೋದಿಲ್ಲ ಅಂದರೆ?"

"ಅಂದರೆ ನೀನು ಬಿಡುಗಡೆಯೇ ಆಗಿರಲಿಲ್ಲ ಅಂತ. ಕೋಣೆ ಖಾಲಿ ಮಾಡಿ ಉಪಕರಣದ ಕೊಟ್ಟಿಗೆಗೆ ವಾಪಸ್ ಹೋಗು."

ಮೂವತ್ತೈದು ದಿನ ಅಕ್ಕ. ಮೂವತ್ತೈದು ದಿನ ನಾನು ಸ್ವತಂತ್ರ ಅಂದುಕೊಂಡು ಬೀದಿಯಲ್ಲಿ ಎದೆಯುಬ್ಬಿಸಿ ಓಡಾಡಿದೆ. ಈಗ ಮೀನಿನವಳು ನನ್ನನ್ನು ಕಂಡರೆ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಗ್ತಾಳೆ. ಆ ಗಾಲ್ಬಾನಿಗೂ ಸಾಯೋಕೆ ಬೇರೆ ಹೊತ್ತು ಸಿಗಲಿಲ್ಲವಾ? ಎಪ್ಪತ್ತು ದಾಟಿದ ಮುದುಕ, ಇನ್ನೊಂದು ತಿಂಗಳು ತಡೆದಿದ್ದರೆ ಗಂಟೇನು ಹೋಗ್ತಿತ್ತು!

ಈಗ ಒಥೋನ ತಲೆ ಮಾಡಬೇಕಂತೆ. ಅವನು ಬೋಳ, ಟೋಪನ್ ಹಾಕ್ತಾನೆ ಅಂತಾರೆ, ನಿಜವಾ? ಗಾಲ್ಬಾನಿಗೆ ಅಂತ ಕೂದಲೆಲ್ಲ ಹೊಡೆದೆ, ಈಗ ಟೋಪನ್ನಿನ ಅಲೆ ಎಲ್ಲಿಂದ ತರಲಿ? ತಲೆಯನ್ನೇ ಇನ್ನೂ ಒಳಕ್ಕೆ ಕೆತ್ತಿ ಸಣ್ಣದು ಮಾಡಬೇಕು. ಜೋಯಿಲರ ಅಳಿಯ ಮಾತ್ರ ಹೊಸ ಅಂಗಿ ತೊಟ್ಟು ಬಂದರಿನಲ್ಲಿ ನಿಂತಿದ್ದಾನೆ, ನನ್ನನ್ನು ಕಾಣದವನ ಹಾಗೆ ಮುಖ ತಿರುಗಿಸ್ತಾನೆ.


ರೋಮ್, ಏಪ್ರಿಲ್ ೨೧

ನನ್ನ ಮರಿ ಕಾರ್ಪ,

ನಿನ್ನ ಫೆಬ್ರವರಿಯ ಓಲೆ ಇವತ್ತು ಕೈಸೇರಿತು. ಅಗುಳಿಯ ವಿಷಯ ಓದಿ ತಲೆ ಚಚ್ಚಿಕೊಂಡೆ. ಅಷ್ಟು ಹೊತ್ತಿಗೆ ನನ್ನ ಓಲೆ ದಾರಿಯಲ್ಲಿ ಎಲ್ಲಿತ್ತೋ. ಈಗ ನಿನ್ನ ಗತಿ ಏನಾಗಿದೆಯೋ.

ಇನ್ನೊಂದು ಕೇಳು. ಒಥೋನೂ ಹೋದ. ಉತ್ತರದಲ್ಲಿ ಯುದ್ಧ ಸೋತು ತಾನೇ ಕತ್ತಿ ಚುಚ್ಚಿಕೊಂಡನಂತೆ. ಇಲ್ಲಿ ಬೆಳೆ ಕಾಯೋ ಸೆರೆಸ್ ಅಮ್ಮನವರ ಹಬ್ಬದ ನಾಟಕ ನಡೀತಿತ್ತು. ಒಬ್ಬ ಎದ್ದು ನಿಂತು "ಒಥೋ ಸತ್ತ, ಇನ್ನು ವಿಟೆಲಿಯಸ್" ಅಂದ. ಜನ ಚಪ್ಪಾಳೆ ಹೊಡೆದು ಮತ್ತೆ ನಾಟಕ ನೋಡೋಕೆ ಕೂತರು. ನಾನೂ ಹೊಡೆದೆ. ನಿಮ್ಮ ಭಾವ ಪಕ್ಕದಲ್ಲೇ ಇದ್ದರು, "ಜೋರಾಗಿ ಹೊಡೀಬೇಡ ಕಣೇ, ಮುಂದಿನವನಿಗೂ ಕೈ ಬೇಕಲ್ಲ" ಅಂದರು. ಮನೆಗೆ ಬರೋ ತನಕ ನಕ್ಕೆವು.

ಒಥೋನ ತಲೆ ಕೆತ್ತೋಕೆ ಹೋಗಬೇಡ. ಈ ವಿಟೆಲಿಯಸ್ ಹೊಟ್ಟೆಬಾಕ. ಕತ್ತು ಅನ್ನೋದೇ ಇಲ್ಲ, ಗಲ್ಲದ ಕೆಳಗೆ ಇನ್ನೊಂದು ಗಲ್ಲ. ಅವನು ಸೈನ್ಯದ ಸಮೇತ ಊರಿಗೆ ಬರ್ತಾನಂತೆ. ಬಂದು ಕುರ್ಚಿ ಮೇಲೆ ಕೂತ ಮೇಲೆ ನಿನ್ನ ಆಣೆ ಹಾಕಿಸಿಕೋ. ಆತುರ ಬೇಡ.


ಕಾರಿಂಡ, ಜೂನ್ ೨

ಅಕ್ಕ,

ಆತುರ ಬೇಡವಂತೆ! ನಿನ್ನ ಓಲೆ ಬರೋ ಹೊತ್ತಿಗೆ ಎರಡನೇ ಸಲವೂ ಬಿಡುಗಡೆಯಾಗಿ, ಎರಡನೇ ಸಲವೂ ಗುಲಾಮನಾಗಿ ಕೂತಿದ್ದೆ.

ಮೇ ಹತ್ತಕ್ಕೆ ಒಥೋನ ಹೆಸರಲ್ಲಿ ಆಣೆ ಹಾಕಿದರು. ಟೋಪನ್ನಿನ ಒಂದೊಂದು ಅಲೆಯನ್ನೂ ಕಣ್ಣಲ್ಲಿ ಕಣ್ಣಿಟ್ಟು ಕೆತ್ತಿದ್ದೆ. ಹದಿನಾಲ್ಕು ದಿನ ಆದಮೇಲೆ ಸುದ್ದಿ ಬಂತು. ಎಪಿಗೋನ ಕರೆಸಿದ. ಈ ಸಲ ಬೆರಳು ಕೂಡ ಮಡಿಸಲಿಲ್ಲ, ಕೊಟ್ಟಿಗೆಯ ಕಡೆ ಗಲ್ಲ ಎತ್ತಿ ತೋರಿಸಿದ ಅಷ್ಟೇ. ನನ್ನ ಗಂಟು ನಾನು ಬಿಚ್ಚಿಯೇ ಇರಲಿಲ್ಲ, ಹಾಗೇ ಎತ್ತಿಕೊಂಡು ಬಂದೆ.

ಈಗ ವಿಟೆಲಿಯಸ್. ದಪ್ಪ! ಎಂಥ ಅನ್ಯಾಯ ನೋಡು. ನೀರೋನ ಹತ್ತಿರ ಕೆನ್ನೆ ಇತ್ತು, ಕತ್ತಿನ ಕೆಳಗೆ ಮಾಂಸ ಇತ್ತು. ಎಲ್ಲವನ್ನೂ ಗಾಲ್ಬಾನಿಗೆ ಅಂತ ನಾನೇ ಕೆತ್ತಿ ತೆಗೆದು ಗುಡಿಸಿ ಹೊರಗೆ ಹಾಕಿದೆ. ಒಮ್ಮೆ ಹೋದ ಕಲ್ಲು ಮತ್ತೆ ಬರುತ್ತಾ? ಜೋಯಿಲರಿಗೆ ಹೇಳಿದೆ. "ಅದೆಲ್ಲ ನಮಗೆ ಗೊತ್ತಿಲ್ಲ ಕಣೋ, ದಪ್ಪ ಕಾಣಬೇಕು" ಅಂದರು. ಸುಣ್ಣ ಅರೆದು ಗಾರೆಯ ಕೆನ್ನೆ ಮೆತ್ತುತಾ ಇದ್ದೀನಿ. ಇಡೀ ಜೀವನ ಕಲ್ಲು ಕಲಿತು ಕೊನೆಗೆ ಗೋಡೆ ಮೆತ್ತೋನಾದೆ. ತಲೆಯೂ ಈಗ ಕಲ್ಲಂಗಡಿಯಷ್ಟಿದ್ದದ್ದು ದೊಡ್ಡ ಈರುಳ್ಳಿಯಷ್ಟಾಗಿದೆ, ಆ ಎದೆಕವಚದ ಮೇಲೆ ಇಟ್ಟರೆ ನಗು ಬರುತ್ತೆ.

ಇಪ್ಪತ್ತಕ್ಕೆ ಆಣೆ. ಈ ಸಲ ಜೋಯಿಲರು ಮೂರು ಹಡಗಿನವರನ್ನ ನಿಲ್ಲಿಸಿ ವಿಟೆಲಿಯಸ್ ಉಸಿರಾಡ್ತಿದ್ದಾನಾ ಅಂತ ಕೇಳ್ತಾರಂತೆ. ನೀನೂ ನೋಡಿಕೊಂಡಿರು ಅಕ್ಕ. ಅವನಿಗೆ ಏನೂ ಆಗದ ಹಾಗೆ ನೋಡಿಕೋ.


ಕಾರಿಂಡ, ಜುಲೈ ೨೮

ಅಕ್ಕ,

ಎರಡು ತಿಂಗಳಿಂದ ನಿನ್ನಿಂದ ಒಂದು ಗೆರೆ ಇಲ್ಲ. ರೋಮಿನಲ್ಲಿ ಕೂತವರಿಗೆ ಇಲ್ಲಿ ಕೊಟ್ಟಿಗೆಯಲ್ಲಿ ಬಿದ್ದವನ ನೆನಪು ಯಾಕೆ ಬರುತ್ತೆ ಬಿಡು.

ನಡೆದದ್ದು ಕೇಳು. ಜೂನ್ ಇಪ್ಪತ್ತಕ್ಕೆ ಆಣೆ ಹಾಕಿದರು. ವಿಟೆಲಿಯಸ್ ಬದುಕಿದ್ದ. ಈಗಲೂ ಬದುಕಿದ್ದಾನೆ! ಬಿಸಿಲಿಗೆ ಗಾರೆಯ ಎಡಗೆನ್ನೆ ಸಭೆಯ ಮುಂದೆಯೇ ದೊಪ್ಪನೆ ಕಳಚಿ ಬಿತ್ತು, ಬೀಳಲಿ, ಆಣೆ ಗಟ್ಟಿಯಾಗಿತ್ತಲ್ಲ. ಮತ್ತೆ ಮಹಡಿ ಕೋಣೆ, ಮತ್ತೆ ಅಗುಳಿ. ಈ ಸಲ ಗಂಟು ಬಿಚ್ಚಿದೆ. ಗೋಡೆಗೆ ಮೊಳೆ ಕೂಡ ಹೊಡೆದೆ.

ಅಷ್ಟರಲ್ಲಿ ಈಜಿಪ್ಟಿನಲ್ಲಿರೋ ಸೈನ್ಯ ವೆಸ್ಪಾಸಿಯನ್ ಅನ್ನೋ ಸೇನಾಪತಿಯನ್ನು ಚಕ್ರವರ್ತಿ ಅಂತ ಕೂಗಿತು. ನಮ್ಮ ಪ್ರಾಂತವೂ ಅವನ ಕಡೆ ಸೇರಿತು. ಎಪಿಗೋನ ತಾನೇ ನನ್ನ ಕೋಣೆಗೆ ಬಂದ, ಪಾಪ, ಅವನಿಗೂ ನಾಚಿಕೆ. "ಕಾರ್ಪ, ವಿಟೆಲಿಯಸ್ ಈಗ ಚಕ್ರವರ್ತಿ ಅಲ್ಲವಂತೆ."

"ಬದುಕಿದ್ದಾನಲ್ಲಯ್ಯಾ!"

"ಬದುಕಿದ್ದಾನೆ. ಆದರೆ ಯಾವತ್ತೂ ಚಕ್ರವರ್ತಿ ಆಗಿರಲೇ ಇಲ್ಲವಂತೆ."

ಸತ್ತವನ ಮೇಲೆ ಹಾಕಿದರೂ ನಿಲ್ಲಲ್ಲ, ಬದುಕಿದವನ ಮೇಲೆ ಹಾಕಿದರೂ ನಿಲ್ಲಲ್ಲ. ಹಾಗಾದರೆ ಯಾರ ಮೇಲೆ ಹಾಕಿದರೆ ನಿಲ್ಲುತ್ತೆ? ಸುತ್ತಿಗೆ ಎತ್ತಿ ಆ ತಲೆಯನ್ನು ಪುಡಿಪುಡಿ ಮಾಡಬೇಕು ಅನ್ನಿಸಿತು. ಕೈ ಎತ್ತಿಯೂ ಬಿಟ್ಟಿದ್ದೆ. ಮಾಡಿದ್ದರೆ ದೊರೆಯ ಮುಖ ಒಡೆದ ಅಂತ ಶಿಲುಬೆಗೆ ಏರಿಸ್ತಿದ್ದರು, ಯಾವ ದೊರೆಯ ಮುಖ ಅಂತ ಆಮೇಲೆ ಕೂತು ಯೋಚಿಸ್ತಿದ್ದರು. ಅಳಿಯ ಮಾತ್ರ ಫೆಬ್ರವರಿಯಿಂದ ಬಂದರಿನಲ್ಲಿ ಅಲ್ಲಾಡದೆ ನಿಂತಿದ್ದಾನೆ, ಹೊಟ್ಟೆ ಬೇರೆ ಬಂದಿದೆ.

ವೆಸ್ಪಾಸಿಯನ್‌ನ ನಾಣ್ಯ ಇನ್ನೂ ಇಲ್ಲಿಗೆ ಬಂದಿಲ್ಲ. ಅವನು ಮೊದಲು ರೋಮಿನಲ್ಲೇ ಇದ್ದನಂತಲ್ಲ, ನೀನು ನೋಡಿರ್ತೀಯ. ಮುಖ ಹೇಗಿದೆ ಅಂತ ಚೆನ್ನಾಗಿ ಬರಿ. ಈ ತಲೆಯಲ್ಲಿ ಇನ್ನು ಒಂದೇ ಮುಖಕ್ಕಾಗುವಷ್ಟು ಕಲ್ಲು ಉಳಿದಿದೆ. ಗಾರೆ ಕಿತ್ತರೆ ಸಣ್ಣ ಮುಖ, ಕೂದಲಿಗೆ ಜಾಗವೇ ಇಲ್ಲ. ತಪ್ಪಿದರೆ ಪ್ರತಿಮೆಯೂ ಇಲ್ಲ, ಆಣೆಯೂ ಇಲ್ಲ. ಅಷ್ಟಾದರೂ ಮಾಡು.


ರೋಮ್, ಅಕ್ಟೋಬರ್ ೫

ಕಾರ್ಪ,

ಲೋ ಮುಟ್ಠಾಳ, ಆ ಹೆಸರನ್ನು ನಿಚ್ಚಳವಾಗಿ ಬರೆದಿದ್ದೀಯಲ್ಲ, ನಿನಗೆ ಬುದ್ಧಿ ಇದೆಯಾ? ಇಲ್ಲಿರೋದು ವಿಟೆಲಿಯಸ್. ಅವನ ಇಬ್ಬರು ಸಿಪಾಯಿಗಳು ನಮ್ಮ ಮನೆಯಲ್ಲೇ, ನಾನು ಮಲಗ್ತಿದ್ದ ಮಂಚದ ಮೇಲೆ ಮಲಗ್ತಾರೆ. ಸೋಸಿಯ ಓಲೆಯನ್ನು ಅಂಜೂರದ ಬುಟ್ಟಿಯ ತಳದಲ್ಲಿಟ್ಟು ತಂದ. ಅವರಲ್ಲೊಬ್ಬ ಬುಟ್ಟಿಗೆ ಕೈಹಾಕಿ ಆರು ಹಣ್ಣು ತಿಂದ. ಏಳನೆಯದಕ್ಕೆ ಕೈ ಹಾಕಿದ್ದರೆ ನನ್ನ ತಲೆ ಹೋಗ್ತಿತ್ತು. ನೀನು ಮುಖ ಕೇಳಿದವನನ್ನು ಇನ್ನು ಮುಂದೆ ಹೇಸರಗತ್ತೆಯವನು ಅಂತ ಬರಿ. ಒಂದು ಕಾಲದಲ್ಲಿ ಹೇಸರಗತ್ತೆ ವ್ಯಾಪಾರ ಮಾಡ್ತಿದ್ದ ಅಂತ ಇಲ್ಲಿನವರು ಆಡಿಕೊಳ್ಳೋದು ಹಾಗೆ.

ಮುಖ ಕೇಳಿದೆ. ಬರ್ಕೋ. ಬೋಳುತಲೆ, ಕಿವಿಯ ಹಿಂದೆ ಮಾತ್ರ ಒಂದಿಷ್ಟು ಕೂದಲು. ಸಣ್ಣ ಮುಖ. ಹಣೆ ಅಗಲ, ಮೂರು ಗೆರೆ, ನಡುವಿನ ಗೆರೆ ಬಲಗಡೆ ತುಂಡಾಗಿದೆ. ಎಡಹುಬ್ಬಿನಲ್ಲಿ ಒಂದು ಗೀರು, ಅಲ್ಲಿ ಕೂದಲು ಬೆಳೆಯೋದಿಲ್ಲ. ಕಣ್ಣು ಸ್ವಲ್ಪ ಒಳಗೆ, ಬೆಳಕಿಗೆ ಕಿರಿದು ಮಾಡಿದ ಹಾಗೆ. ಬಾಯಿ ಬಿಗಿಯಾಗಿರಬೇಕು, ಸಿಟ್ಟಿನಿಂದಲ್ಲ, ಏನನ್ನೋ ನುಂಗಿಕೊಂಡು ನಿಂತವನ ಹಾಗೆ. ಕೆಳತುಟಿ ಒಳಕ್ಕೆ. ಅದೊಂದು ಸರಿಯಾಗಿ ಬರಬೇಕು ಕಾರ್ಪ, ಉಳಿದದ್ದು ಹೆಚ್ಚುಕಮ್ಮಿಯಾದರೂ ಪರವಾಗಿಲ್ಲ.

ಇನ್ನೊಂದು. ಫೆಬ್ರವರಿಯಲ್ಲಿ ಜೋಯಿಲನ ಅಳಿಯನಿಗೂ ಅದೇ ಆಣೆ ಅಂತ ನೀನೇ ಬರೆದಿದ್ದೆ. ನಿನ್ನದು ಬಿದ್ದುಹೋಗಿ ಅವನದು ಹೇಗೋ ನಿಂತಿತು? ಒಂದು ದಿನವಾದರೂ ಯೋಚನೆ ಮಾಡಿದೆಯಾ? ರೋಮಿನಲ್ಲಿ ಯಾರು ಸತ್ತರೂ ನಿಮ್ಮ ಜೋಯಿಲನಿಗೆ ಬೇಕಾಗಿರೋದು ಬಿಟ್ಟಿ ಕೆಲಸ ಮಾಡೋ ಕಲ್ಲುಕುಟಿಗ. ನೀನು ಬಿಡುಗಡೆಯಾದರೆ ಕೂಲಿ ಕೊಡಬೇಕಲ್ಲ. ಈ ಸಲ ಆಗಸ್ಟಸ್ ದೇವರ ಮೇಲೆ ಆಣೆ ಕೇಳು. ಆ ಮೊದಲನೇ ಚಕ್ರವರ್ತಿ ಸತ್ತು ದೇವರಾಗಿ ಐವತ್ತೈದು ವರ್ಷ ಆಯಿತು. ಇನ್ನೊಂದು ಸಲ ಸಾಯೋದಿಲ್ಲ, ಯಾರೂ ಅವರನ್ನು ದೊರೆಯಲ್ಲ ಅನ್ನೋದಿಲ್ಲ.

ನಾನು ನಿನ್ನನ್ನು ಮರೆತಿಲ್ಲ. ಇಷ್ಟೇ.


ಕಾರಿಂಡ, ನವೆಂಬರ್ ೨೬

ಅಕ್ಕ,

ಇಷ್ಟೇ ಅಂತ ಮುಗಿಸಿದೆಯಲ್ಲ, ಅದು ಚುಚ್ಚಿತು. ಬೈದಿದ್ದೇ ಹೆಚ್ಚು. ಆದರೆ ಇವತ್ತು ನಿನ್ನ ಮೇಲೆ ಸಿಟ್ಟು ಮಾಡೋಕೆ ಮನಸ್ಸಿಲ್ಲ. ಹೇಳ್ತೀನಿ ಕೇಳು.

ನೀನು ಬರೆದ ಮುಖವನ್ನು ಹನ್ನೆರಡು ದಿನದಲ್ಲಿ ಕೆತ್ತಿದೆ. ಕಲ್ಲು ಎಷ್ಟು ಉಳಿದಿತ್ತೋ ಮುಖ ಅಷ್ಟೇ ಇತ್ತು, ಅಳತೆ ತೆಗೆದು ಹೇಳಿದ ಹಾಗೆ. ಆ ಬಾಯಿ ಮಾತ್ರ ಸತಾಯಿಸಿತು. ಮೂರು ದಿನ ಬರೀ ಆ ಕೆಳತುಟಿ. ಬಂದ ಮೇಲೆ ಅದರ ಮುಂದೆ ಸುಮ್ಮನೆ ಕೂತಿದ್ದೆ, ಊಟಕ್ಕೂ ಏಳಲಿಲ್ಲ. ದೊರೆಗಳಲ್ಲಿ ಇಂಥವನೂ ಇರ್ತಾನಾ ಅನ್ನಿಸಿತು.

ನಿನ್ನೆ ಪ್ರತಿಮೆ ನಿಲ್ಲಿಸೋ ದಿನ. ಪ್ರಾಂತದ ಕಡೆಯಿಂದ ಒಬ್ಬ ಅಧಿಕಾರಿಯೂ ಬಂದಿದ್ದ. ಚೌಕದ ತುಂಬ ಜನ. ಮೈ ನಿಂತಿದೆ, ತಲೆ ಇಲ್ಲ. ತಲೆ ನನ್ನ ಕಂಕುಳಲ್ಲಿ, ಗೋಣಿ ಸುತ್ತಿಕೊಂಡು.

"ಕೂರಿಸೋ," ಅಂದರು ಜೋಯಿಲ.

"ಆಣೆ ಮೊದಲು, ತಲೆ ಆಮೇಲೆ ಒಡೆಯರೇ."

"ಹಾಕ್ತೀವಯ್ಯಾ, ಹೊಸ ಪ್ರಭುಗಳ ಹೆಸರಲ್ಲೇ ಹಾಕ್ತೀವಿ."

"ಬೇಡ ಒಡೆಯರೇ. ಅವರು ನೂರು ವರ್ಷ ಬಾಳಲಿ. ಆದರೆ ನನ್ನ ಕಾಲ್ಗುಣ ಸರಿಯಿಲ್ಲ. ಆಗಸ್ಟಸ್ ದೇವರ ಮೇಲೆ ಹಾಕಿ."

ಜನ ಗೊಳ್ಳೆಂದರು. ಜೋಯಿಲರ ಮುಖ ಕೆಂಪಾಯಿತು. "ಗುಲಾಮ ಸಭೆಗೆ ಆಣೆ ಹೇಳಿಕೊಡೋ ಕಾಲ ಬಂತಾ?"

ನನಗೆ ಹೆದರಿಕೆ ಇತ್ತು ಅಕ್ಕ, ಸುಳ್ಳು ಯಾಕೆ ಹೇಳಲಿ. ಆದರೂ ಅಂದೆ: "ತಪ್ಪಾಯ್ತು. ಹಾಗಾದರೆ ಬಂದರಿನ ಅಳಿಯಂದಿರನ್ನೂ ಕರೆಸಿ, ಅವರಿಗೂ ಹೊಸ ಆಣೆ ಆಗಲಿ. ಅವರದ್ದೂ ಗಾಲ್ಬಾನ ಮೇಲಿನದೇ ಅಲ್ಲವಾ? ನನ್ನದು ಬಿದ್ದರೆ ಅವರದ್ದೂ ಬಿದ್ದ ಹಾಗೆ."

ಆ ಅಧಿಕಾರಿ ತಲೆ ತಿರುಗಿಸಿ, "ಯಾವ ಅಳಿಯ?" ಅಂತ ಕೇಳಿದ.

ಅಷ್ಟು ಸಾಕಾಯಿತು. ಆಗಸ್ಟಸ್ ದೇವರ ಮೇಲಿನ ಆಣೆಯನ್ನು ಅಷ್ಟು ಲಗುಬಗೆಯಿಂದ ಯಾರೂ ಹಾಕಿರಲಾರರು. ಜೋಯಿಲರ ನಾಲಿಗೆ ತೊದಲಿತು. ನಾನು ತಲೆ ಕೂರಿಸಿ ಗೋಣಿ ತೆಗೆದೆ. ಜೋಯಿಲರೇ ಮುಂದೆ ಬಂದು, ಆ ಹುಬ್ಬಿನ ಗೀರು ನೋಡಿ, "ಯುದ್ಧದ ಗಾಯ! ಈ ಬಾಯಿ ನೋಡಿ, ಸಾಮ್ರಾಜ್ಯದ ಭಾರವೆಲ್ಲ ಈ ಬಾಯಲ್ಲಿದೆ," ಅಂತ ಕಣ್ಣೊರೆಸಿಕೊಂಡರು. ತಲೆ ಸಣ್ಣದಾಯಿತು ಅಂತ ಒಬ್ಬರೂ ಅನ್ನಲಿಲ್ಲ.

ಒಂದು ಮಾತ್ರ ಮನಸ್ಸಿಗೆ ಹತ್ತಿಕೊಂಡಿದೆ. ದಾಖಲೆ ಬರೆಯುವಾಗ ಎಪಿಗೋನ ತಂದೆಯ ಹೆಸರು ಕೇಳಿದ. ಗುಲಾಮನಿಗೆ ತಂದೆ ಇರೋದಿಲ್ಲ, ಸ್ವತಂತ್ರನಿಗೆ ಬೇಕಂತೆ. ಗೊತ್ತಿಲ್ಲ ಅಂದೆ. ಅವನು "ಇಲ್ಲ" ಅಂತ ಬರೆದ. ಗೊತ್ತಿಲ್ಲ ಬೇರೆ, ಇಲ್ಲ ಬೇರೆ ಅಲ್ಲವಾ ಅಕ್ಕ? ನೀನು ಅಪ್ಪನ ಹೆಸರು ಒಂದು ಸಲವೂ ಬರೆದಿಲ್ಲ, ಕೇಳಿದರೆ ನೀನು ಅಳ್ತೀಯ ಅಂತ ನಾನೂ ಕೇಳಲಿಲ್ಲ. ನನಗೆ ಒಂದು ಎತ್ತಿನ ಗಾಡಿ ನೆನಪಿದೆ, ಮುಖ ಯಾವುದೂ ನೆನಪಿಲ್ಲ. ಹೆಸರಾದರೂ ಬರಿ.

ಸಮುದ್ರ ಮುಚ್ಚಿತು, ಇದು ಯಾವಾಗ ತಲುಪುತ್ತೋ. ವಸಂತಕ್ಕೆ ನಾನು ಬರ್ತೀನಿ.


ರೋಮ್, ಜನವರಿ ೩೦

ನನ್ನ ಮರಿ ಕಾರ್ಪ,

ನೀನು ಬರಬೇಡ. ಇಲ್ಲಿ ಬರೋಕೆ ಏನೂ ಉಳಿದಿಲ್ಲ.

ಡಿಸೆಂಬರ್‌ನಲ್ಲಿ ಹೇಸರಗತ್ತೆಯವನ ಸೈನ್ಯ ಊರೊಳಗೆ ನುಗ್ಗಿತು. ಬೀದಿಬೀದಿಯಲ್ಲಿ ಕಡಿದಾಡಿದರು. ಜನ ಮಹಡಿಯ ಮೇಲೆ ನಿಂತು ಕತ್ತಿಕಾಳಗದ ಆಟ ನೋಡೋ ಹಾಗೆ ಕೂಗು ಹಾಕ್ತಿದ್ದರು. ವಿಟೆಲಿಯಸ್‌ನ ಕೈಕಟ್ಟಿ ನಮ್ಮ ಬೀದಿಯಲ್ಲೇ ಎಳೆದುಕೊಂಡು ಹೋದರು. ಅಂಗಡಿ ಸುಟ್ಟುಹೋಯಿತು. ಈಗ ಬಟ್ಟೆ ಒಗೆಯೋರ ಮನೆಯ ಮೂಲೆಯಲ್ಲಿದ್ದೇನೆ.

ಕಾರ್ಪ, ಒಂಬತ್ತು ತಿಂಗಳಲ್ಲಿ ನೀನು ನನಗೆ ಬರೆದ ಒಂದು ಓಲೆಯಲ್ಲೂ "ಭಾವ ಹೇಗಿದ್ದಾರೆ" ಅಂತ ಕೇಳಲಿಲ್ಲ. ಅವರು ಆಗಸ್ಟ್‌ನಲ್ಲೇ ಹೋದರು. ಮನೆಯಲ್ಲಿದ್ದ ಸಿಪಾಯಿ ಕುಡಿದು ಕಡಲೆ ಬಟ್ಟಲು ಬಿಸಾಡಿದ. ಇವರು "ಕಡಲೆ ಯಾಕಯ್ಯಾ ಬಿಸಾಡ್ತೀಯ" ಅಂದರು. ಅಷ್ಟೇ ಅಂದಿದ್ದು. ಕತ್ತಿಯ ಹಿಡಿಯಿಂದ ತಲೆಗೆ ಹೊಡೆದ. ನಾಲ್ಕು ದಿನ ಇದ್ದರು. ಆ ಸಿಪಾಯಿಗೇ ನಾನು ಆಮೇಲೆ ಮೂರು ತಿಂಗಳು ಅಡುಗೆ ಮಾಡಿ ಹಾಕಿದೆ. ಅಕ್ಟೋಬರ್‌ನಲ್ಲಿ ನಿನ್ನ ಗೋಳು ಓದುವಾಗ ನನಗೆ ಎಷ್ಟು ಸಿಟ್ಟು ಬಂತು ಅಂದರೆ ಓಲೆಯನ್ನು ಒಲೆಗೆ ಹಾಕೋಕೆ ಎದ್ದಿದ್ದೆ. ಆಮೇಲೆ, ನೀನಾದರೂ ಬಿಡುಗಡೆಯಾಗಲಿ ಅಂತ ಕೂತು ಬರೆದೆ.

ಇನ್ನು ಮುಖದ ವಿಷಯ. ಹೇಳದೆ ಇರಲಾರೆ. ಓದಿದ ಕೂಡಲೇ ಈ ಓಲೆ ಸುಡು.

ಆ ಹೇಸರಗತ್ತೆಯವನನ್ನು ನಾನು ಕಂಡೇ ಇಲ್ಲ. ಬೋಳ ಅಂತ ಜನ ಅಂತಿದ್ದರು, ಅಷ್ಟೇ ಗೊತ್ತು. ನಿನಗೆ ಮುಖ ಬೇಕಿತ್ತು. ಒಂದೇ ಮುಖಕ್ಕಾಗುವಷ್ಟು ಕಲ್ಲಿದೆ, ಸಣ್ಣ ಮುಖ, ಕೂದಲಿಗೆ ಜಾಗವಿಲ್ಲ ಅಂತ ಬರೆದಿದ್ದೆ. ಅಂಥ ಮುಖ ನನಗೆ ಒಂದೇ ಗೊತ್ತಿತ್ತು. ಅದು ಅಪ್ಪನದು.

ಹುಬ್ಬಿನ ಗೀರು ಯುದ್ಧದ್ದಲ್ಲ ಕಣೋ, ಗಣಿಯಲ್ಲಿ ಕಲ್ಲುಚೂರು ಹಾರಿದ್ದು. ಆ ಬಾಯಿ ನಮ್ಮನ್ನು ಗಾಡಿ ಹತ್ತಿಸಿದ ದಿನದ್ದು. ನಿನ್ನನ್ನು ಒಂದು ಗಾಡಿಗೆ, ನನ್ನನ್ನು ಇನ್ನೊಂದು ಗಾಡಿಗೆ ಅಪ್ಪನ ಕೈಯಲ್ಲೇ ಎತ್ತಿ ಹಾಕಿಸಿದರು. ಅತ್ತರೆ ಮಕ್ಕಳು ಹೆದರ್ತಾರೆ ಅಂತ ಕೆಳತುಟಿ ಕಚ್ಚಿ ನಿಂತಿದ್ದ. ಆಮೇಲೆ ಎಷ್ಟು ವರ್ಷ ಬದುಕಿದ್ದನೋ, ಎಲ್ಲಿ ಹೂತರೋ, ಒಂದೂ ಗೊತ್ತಿಲ್ಲ.

ಹೆಸರು ಮಾನೆಸ. ಎಪಿಗೋನನಿಗೆ ಹೇಳು.


ಕಾರಿಂಡ, ಮಾರ್ಚ್ ೨೮

ಅಕ್ಕ,

ಓಲೆ ಸುಟ್ಟೆ. ಸುಡೋಕೆ ಮುಂಚೆ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಭಾವನ ವಿಷಯದಲ್ಲಿ ನಾನು ಏನು ಬರೆದರೂ ಸಾಲದು. ನನ್ನ ಅಗುಳಿ, ನನ್ನ ಕೊಟ್ಟಿಗೆ, ನನ್ನ ಗಾರೆ ಅಂತ ನಿನ್ನ ತಲೆ ತಿಂದೆ. ನಾನು ಕಟುಕ ಅಕ್ಕ, ಬೈಯಿ. ಎದುರಿಗೆ ಬಂದು ಬೈಯಿ.

ಎಪಿಗೋನನ ಹತ್ತಿರ ಹೋದೆ. "ಇಲ್ಲ ಅಂತ ಒಮ್ಮೆ ಬರೆದ ಮೇಲೆ ತಿದ್ದೋ ಹಾಗಿಲ್ಲ ಕಣಯ್ಯ" ಅಂದ. ನಾಲ್ಕು ದೊರೆಗಳನ್ನು ತಿದ್ದಿದ ದಾಖಲೆ, ನಮ್ಮಪ್ಪನ ಒಂದು ಹೆಸರಿಗೆ ತಿದ್ದೋದಿಲ್ಲವಂತೆ! ಜಗಳ ಆಡಲಿಲ್ಲ. ತಲೆ ಅಲ್ಲಾಡ್ತಿದೆ, ಬಿದ್ದರೆ ಅಪಶಕುನ ಅಂತ ಜೋಯಿಲರಿಗೆ ಹೇಳಿದೆ. ಅವರೇ ಹೆದರಿ ಏಣಿ ಕೊಡಿಸಿದರು. ತಲೆ ಎತ್ತಿ, ಗುಳಿಯೊಳಗೆ ಇಳಿಯೋ ಕಡೆ, ಕುತ್ತಿಗೆಯ ಬುಡದಲ್ಲಿ ಹೆಸರು ಕೊರೆದೆ. ಮಾನೆಸ, ಅಮ್ಮಿಯ ಮತ್ತು ಕಾರ್ಪನ ತಂದೆ. ಮತ್ತೆ ಕೂರಿಸಿ ಸುತ್ತ ಸೀಸ ಸುರಿದೆ. ಇದಕ್ಕೆ ಮಾತ್ರ ಊರಿನವರಿಂದ ಕೂಲಿ ಇಸಕೊಂಡೆ.

ಹೋದ ವಾರ ಹೇಸರಗತ್ತೆಯವನ ನಾಣ್ಯ ಬಂತು. ಗೂಳಿಯ ಹಾಗೆ ದಪ್ಪ ಕತ್ತು, ನಮ್ಮ ಪ್ರತಿಮೆಗೂ ಅದಕ್ಕೂ ಸಂಬಂಧವೇ ಇಲ್ಲ. ನನ್ನ ಜೀವ ಬಾಯಿಗೆ ಬಂದಿತ್ತು. ಜೋಯಿಲರು ನಾಣ್ಯ ನೋಡಿದರು, ಪ್ರತಿಮೆ ನೋಡಿದರು, ಮತ್ತೆ ನಾಣ್ಯ ನೋಡಿದರು. "ನಾಣ್ಯದವನಿಗೆ ಕೆಲಸ ಬರೋಲ್ಲ" ಅಂದರು.

ನಾಳೆ ಇನ್ನೊಬ್ಬ ದೊರೆ ಬಂದರೂ ಈ ತಲೆ ಯಾರಿಗೂ ಆಗೋದಿಲ್ಲ. ಇಳಿಸೋಕೆ ಇನ್ನು ಕಲ್ಲೇ ಇಲ್ಲ. ಸೋಸಿಯನ ಹಡಗು ಏಪ್ರಿಲ್ ಕೊನೆಗೆ ರೋಮಿನಿಂದ ಹೊರಡುತ್ತೆ, ನಿನಗೆ ಜಾಗ ಹೇಳಿದ್ದೀನಿ. ಮಹಡಿಯ ಕೋಣೆ ಚಿಕ್ಕದು, ಮೀನಿನ ವಾಸನೆ, ಆದರೆ ಕಿಟಕಿ ಚೌಕಕ್ಕೆ ತೆರೆಯುತ್ತೆ. ದಿನಾ ಬೆಳಗ್ಗೆ ಜೋಯಿಲರು ಬಂದು ಅಪ್ಪನಿಗೆ ಹಾರ ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸ್ತಾರೆ. ನೀನು ಬಂದು ನೋಡಬೇಕು ಅಕ್ಕ.